ಕೊಳ್ಳುವ ಬೆಲೆ, ಸಾಕುವ ಬೆಲೆ: ಇಲ್ಫರ್ಡ್ ಬೀದಿಗಳಲ್ಲಿ ಕಾರಿನ ನೂರು ವರ್ಷದ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಾರು ಕೊಂಡು ನೋಡು ಎಂದು ಹೇಳಲಿಲ್ಲ, ಏಕೆಂದರೆ ಅವರ ಕಾಲಕ್ಕೆ ಕಾರು ಬಂದಿರಲಿಲ್ಲ. ಬಂದಿದ್ದರೆ ಮೂರನೆಯದಾಗಿ ಅದನ್ನೂ ಖಂಡಿತ ಸೇರಿಸುತ್ತಿದ್ದರು. ಗಲ್ಫ್ ನೆಲದಲ್ಲಿ ದುಡಿಯುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. ಡ್ರೈವಿಂಗ್ ಲೈಸೆನ್ಸ್ ಸಿಕ್ಕ ದಿನ ಊರಿಗೆ ಫೋನು ಹೋಗುತ್ತದೆ, ಕಾರು ಕೊಂಡ ದಿನ ಫೋಟೋ ಹೋಗುತ್ತದೆ. ಫೋಟೋದಲ್ಲಿ ಕಾರು ಕಾಣುತ್ತದೆ, ಅದನ್ನು ಸಾಕುವ ಖರ್ಚು ಕಾಣುವುದಿಲ್ಲ.

ಇಲ್ಲಿ ನಮಗೆ ಆ ಖರ್ಚುಗಳೆಲ್ಲ ಒಂದೇ ಗಂಟಿನಲ್ಲಿ ಬರುತ್ತವೆ. ಮುಲ್ಕಿಯಾ ಎನ್ನಿ, ಇಸ್ತಿಮಾರಾ ಎನ್ನಿ, ನವೀಕರಿಸುವ ತಿಂಗಳು ಬಂದರೆ ವಿಮೆ, ತಪಾಸಣೆ, ದಂಡ, ಶುಲ್ಕ ಎಲ್ಲ ಒಟ್ಟಿಗೆ ಎದುರು ನಿಲ್ಲುತ್ತವೆ. ಆದ್ದರಿಂದ ಯಾವುದು ಯಾಕೆ ಎಂದು ಯೋಚಿಸುವ ವ್ಯವಧಾನ ನಮಗಿಲ್ಲ. ಆದರೆ ಕಾರಿನ ಒಂದೊಂದು ಖರ್ಚಿಗೂ ಒಂದು ಹುಟ್ಟಿದ ದಿನವಿದೆ, ಒಂದು ಕಾರಣವಿದೆ. ಅವು ಒಂದೊಂದಾಗಿ ಹುಟ್ಟಿದ್ದನ್ನು ನೋಡಬೇಕಾದರೆ ಹಳೆಯ ಕಾರಿನ ನಾಡಿಗೆ ಹೋಗಬೇಕು. ಅದಕ್ಕೆ ನಾವು ಆರಿಸಿಕೊಂಡದ್ದು ಲಂಡನ್ ನಗರದ ಪೂರ್ವ ಅಂಚಿನ ಇಲ್ಫರ್ಡ್. ಗಲ್ಫ್‌ನಿಂದ ಇಂಗ್ಲೆಂಡಿಗೆ ಹೊರಡುವ ನಮ್ಮ ನರ್ಸ್‌ಗಳು, ಐಟಿಯವರು, ಅಂಗಡಿ ಕೆಲಸದವರು ಪೂರ್ವ ಲಂಡನ್ನಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಕೇಳಿಬರುವ ಹೆಸರುಗಳಲ್ಲಿ ಇದೂ ಒಂದು. ಇಲ್ಫರ್ಡ್ ಲೇನ್‌ನಲ್ಲಿ ನಡೆದರೆ ಸೀರೆ ಅಂಗಡಿ, ಮಿಠಾಯಿ ಅಂಗಡಿ, ಮಸಾಲೆ ವಾಸನೆ ಎಲ್ಲ ಸಿಗುತ್ತದೆ.

ಕಾರಿಗಿಂತ ಮೊದಲು ಬಂದ ಮನೆಗಳು

ಇಲ್ಫರ್ಡಿಗೆ ರೈಲು ಬಂದದ್ದು 1839ರಲ್ಲಿ. ಆದರೂ ಬಹುಕಾಲ ಅದು ಎಸೆಕ್ಸ್ ಪ್ರಾಂತದ ಹೊಲಗದ್ದೆಗಳ ಊರಾಗಿಯೇ ಇತ್ತು. 1891ರಲ್ಲಿ ಸುಮಾರು 11 ಸಾವಿರವಿದ್ದ ಜನಸಂಖ್ಯೆ 1901ಕ್ಕೆ 41 ಸಾವಿರ ದಾಟಿತು. ಈ ಹತ್ತು ವರ್ಷಗಳಲ್ಲಿ ಸ್ಕಾಟ್ಲೆಂಡಿನ ಆರ್ಚಿಬಾಲ್ಡ್ ಕ್ಯಾಮರಾನ್ ಕಾರ್ಬೆಟ್ ಮತ್ತು ಇತರ ಬಿಲ್ಡರ್‌ಗಳು ಹೊಲಗಳನ್ನು ಕೊಂಡು ಸಾಲುಸಾಲಾಗಿ ಮನೆ ಕಟ್ಟಿದರು. ಗ್ರೇಂಜ್, ಡೌನ್‌ಶಲ್, ಮೇಫೀಲ್ಡ್ ಎಂಬ ಬಡಾವಣೆಗಳು ಕಾರ್ಬೆಟ್ ಅವರವು. ಲಂಡನ್ ನಗರದ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡುವವರು ಬೆಳಿಗ್ಗೆ ರೈಲು ಹತ್ತಿ ಸಂಜೆ ರೈಲಿಳಿದು ನಡೆದು ಮನೆ ಸೇರಬೇಕು, ಅದಕ್ಕೆ ತಕ್ಕ ಮನೆಗಳು ಅವು. 1903ರಲ್ಲಿ ಊರಿನ ಆಡಳಿತವೇ ಟ್ರಾಮ್ ಓಡಿಸಲು ಆರಂಭಿಸಿತು.

ಗೋಡೆಗೆ ಗೋಡೆ ಅಂಟಿದ ಆ ಮನೆಗಳಿಗೆ ಮುಂದೆ ಒಂದು ಪುಟ್ಟ ಕೈತೋಟ, ಹಿಂದೆ ಒಂದು ಅಂಗಳ. ಗಾಡಿ ನಿಲ್ಲಿಸುವ ಜಾಗ ಇಲ್ಲ. ಕಟ್ಟಿದವರ ತಪ್ಪೂ ಅಲ್ಲ, ಕೊಂಡವರ ತಪ್ಪೂ ಅಲ್ಲ. ಆಗ ಕಾರೆಂದರೆ ಶ್ರೀಮಂತರ ಆಟಿಕೆ. ಮೊದಲ ಮಹಾಯುದ್ಧದ ನಂತರ ಚಿತ್ರ ಬದಲಾಯಿತು. 1925ರಲ್ಲಿ ಊರಿನ ಉತ್ತರಕ್ಕೆ ಈಸ್ಟರ್ನ್ ಅವೆನ್ಯೂ ಎಂಬ ದೊಡ್ಡ ರಸ್ತೆ ತೆರೆಯಿತು. ಅದರ ಸುತ್ತ ಗ್ಯಾಂಟ್ಸ್ ಹಿಲ್, ಬಾರ್ಕಿಂಗ್‌ಸೈಡ್ ಕಡೆ 1930ರ ದಶಕದಲ್ಲಿ ಎದ್ದ ಜೋಡಿ ಮನೆಗಳಲ್ಲಿ ಪಕ್ಕಕ್ಕೆ ಗಾಡಿ ಹೋಗುವಷ್ಟು ಜಾಗ ಬಿಟ್ಟರು. ಹೀಗೆ ಒಂದೇ ಊರಿನಲ್ಲಿ ಎರಡು ಬಗೆಯ ಮನೆಗಳಾದವು. ನೂರು ವರ್ಷ ಕಳೆದ ಮೇಲೂ ಆ ವ್ಯತ್ಯಾಸ ಕಾರಿನ ಲೆಕ್ಕದಲ್ಲಿ ಉಳಿದಿದೆ. ರೈಲ್ವೆ ನಿಲ್ದಾಣದ ಹತ್ತಿರದ ಹಳೆಯ ಬೀದಿಗಳಲ್ಲಿ ಸ್ವಂತ ಮನೆಯ ಮುಂದೆ ನಿಲ್ಲಿಸಲೂ ಕೌನ್ಸಿಲ್‌ನ ಪರವಾನಗಿ ಬೇಕು, ಅದಕ್ಕೆ ವರ್ಷವರ್ಷ ಹಣ ಕಟ್ಟಬೇಕು. ಜಾಗವಿರುವವನಿಗೆ ಆ ಖರ್ಚಿಲ್ಲ. ಆದರೆ ಆ ಮನೆಯ ಬೆಲೆಯಲ್ಲಿ, ಬಾಡಿಗೆಯಲ್ಲಿ ಅದು ಸೇರಿಯೇ ಇರುತ್ತದೆ. ಶಾರ್ಜಾದ ಹಳೆಯ ಕಟ್ಟಡದಲ್ಲಿದ್ದು ರಾತ್ರಿ ಹತ್ತು ಗಂಟೆಗೆ ಪಾರ್ಕಿಂಗ್ ಹುಡುಕಿ ಸುತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಶ್ವಶಕ್ತಿಗೆ ಒಂದು ಪೌಂಡ್

ಬ್ರಿಟನ್ನಿನಲ್ಲಿ ಕಾರಿಗೆ ನಂಬರು ಹಾಕುವ ಕಾನೂನು 1904ರ ಜನವರಿ 1ರಂದು ಜಾರಿಗೆ ಬಂತು. ನೋಂದಣಿಗೆ ಒಂದು ಪೌಂಡ್, ಓಡಿಸುವವನ ಲೈಸೆನ್ಸಿಗೆ ಐದು ಶಿಲ್ಲಿಂಗ್. ಪರೀಕ್ಷೆ ಇರಲಿಲ್ಲ, ಹಣ ಕೊಟ್ಟರೆ ಲೈಸೆನ್ಸ್. ಆಗ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ನಮ್ಮಲ್ಲಿ ಕಾಸು, ಆಣೆ, ರೂಪಾಯಿ ಇದ್ದ ಹಾಗೆ. ಐದು ವರ್ಷ ಕಳೆಯುವಷ್ಟರಲ್ಲಿ ಸರಕಾರದ ಕಣ್ಣು ಕಾರಿನ ಮೇಲೆ ಬಿತ್ತು. 1909ರ ಬಜೆಟ್‌ನಲ್ಲಿ ಲಾಯ್ಡ್ ಜಾರ್ಜ್ ಅವರು ಎಂಜಿನ್ನಿನ ಶಕ್ತಿ ನೋಡಿ ತೆರಿಗೆ, ಪೆಟ್ರೋಲ್ ಗ್ಯಾಲನ್ನಿಗೆ ಮೂರು ಪೆನ್ನಿ ಸುಂಕ ಎಂದು ಘೋಷಿಸಿದರು. ಆ ಹಣ ರಸ್ತೆಗೇ ಎಂಬ ಮಾತೂ ಕೊಟ್ಟರು.

1921ರಿಂದ ಲೆಕ್ಕ ಇನ್ನೂ ಸರಳವಾಯಿತು. ಒಂದು ಅಶ್ವಶಕ್ತಿಗೆ ವರ್ಷಕ್ಕೆ ಒಂದು ಪೌಂಡ್. ಕಟ್ಟಿದ್ದಕ್ಕೆ ಗುರುತಾಗಿ ಗಾಜಿನ ಮೇಲೆ ಅಂಟಿಸುವ ದುಂಡನೆಯ ಚೀಟಿ ಬಂದದ್ದೂ ಅದೇ ವರ್ಷ. ಆದರೆ ಈ ಅಶ್ವಶಕ್ತಿ ಎಂಜಿನ್ನಿನ ನಿಜವಾದ ಬಲವಾಗಿರಲಿಲ್ಲ. ಸಿಲಿಂಡರಿನ ಅಗಲ ಮತ್ತು ಸಿಲಿಂಡರುಗಳ ಸಂಖ್ಯೆಯನ್ನು ಒಂದು ಸೂತ್ರಕ್ಕೆ ಹಾಕಿ ತೆಗೆದ ಅಂಕಿ ಅದು. ಅಗಲಕ್ಕೆ ತೆರಿಗೆ, ಉದ್ದಕ್ಕೆ ಇಲ್ಲ. ಆದ್ದರಿಂದ ಬ್ರಿಟಿಷ್ ಕಂಪನಿಗಳು ಕಿರಿದಾದ, ಉದ್ದನೆಯ ಸಿಲಿಂಡರಿನ ಪುಟ್ಟ ಎಂಜಿನ್‌ಗಳನ್ನು ಮಾಡತೊಡಗಿದವು. ಅಮೆರಿಕದ ಅಗಲ ಎಂಜಿನ್ನಿನ ಫೋರ್ಡ್ ಮಾಡೆಲ್ ಟಿ ಕೊಳ್ಳಲು ಅಗ್ಗ, ಆದರೆ ವರ್ಷದ ತೆರಿಗೆ 20 ಪೌಂಡಿಗಿಂತ ಹೆಚ್ಚು. 1922ರಲ್ಲಿ ಬಂದ ಆಸ್ಟಿನ್ ಸೆವೆನ್‌ಗೆ ಎಂಟೇ ಪೌಂಡ್. ಜನ ಅಂಗಡಿಯ ಬೆಲೆಯನ್ನು ಮಾತ್ರ ನೋಡದೆ ವರ್ಷದ ಬೆಲೆಯನ್ನೂ ನೋಡಿ ಕೊಳ್ಳಲು ಕಲಿತದ್ದು ಆಗ.

ಇದರ ಫಲ ಇಲ್ಫರ್ಡಿನ ನೆರೆಯಲ್ಲೇ ಕಂಡಿತು. ಕೆಲವೇ ಮೈಲಿ ದೂರದ ಡಾಗೆನ್‌ಹ್ಯಾಮ್‌ನಲ್ಲಿ ಥೇಮ್ಸ್ ದಂಡೆಯ ಜೌಗು ನೆಲದ ಮೇಲೆ ಫೋರ್ಡ್ ಕಟ್ಟಿದ ಕಾರ್ಖಾನೆಯಿಂದ ಮೊದಲ ವಾಹನ 1931ರ ಅಕ್ಟೋಬರಿನಲ್ಲಿ ಹೊರಬಂತು. ಮರುವರ್ಷ ಅಲ್ಲಿ ಎಂಟು ಅಶ್ವಶಕ್ತಿಯ ಮಾಡೆಲ್ ವೈ ತಯಾರಾಯಿತು. 1935ರಲ್ಲಿ ಅದರ ಬೆಲೆಯನ್ನು 100 ಪೌಂಡಿಗೆ ಇಳಿಸಿದಾಗ ಇಡೀ ದೇಶದಲ್ಲಿ ಸುದ್ದಿಯಾಯಿತು. ಅದೇ ವರ್ಷ ಅಶ್ವಶಕ್ತಿಯ ತೆರಿಗೆಯೂ 15 ಶಿಲ್ಲಿಂಗಿಗೆ ಇಳಿದಿತ್ತು. ಎಂದರೆ ಈ ಕಾರಿಗೆ ವರ್ಷಕ್ಕೆ ಆರು ಪೌಂಡ್. ಪೆಟ್ರೋಲ್ ಗ್ಯಾಲನ್ನಿಗೆ ಸುಮಾರು ಒಂದೂವರೆ ಶಿಲ್ಲಿಂಗ್, ಅದರಲ್ಲಿ ಎಂಟು ಪೆನ್ನಿ ಸುಂಕವೇ. ವರ್ಷಕ್ಕೆ 3,000 ಮೈಲಿ, ಗ್ಯಾಲನ್ನಿಗೆ 30 ಮೈಲಿ ಎಂದು ಹಿಡಿದರೆ 100 ಗ್ಯಾಲನ್, ಏಳೂವರೆ ಪೌಂಡ್. ತೆರಿಗೆ ಮತ್ತು ಪೆಟ್ರೋಲ್ ಎರಡೇ ಸೇರಿ ಹದಿಮೂರೂವರೆ ಪೌಂಡ್ ಆಯಿತು. ವಿಮೆ, ಟೈರು, ರಿಪೇರಿ ಇನ್ನೂ ಬಾಕಿ. ನೂರು ಪೌಂಡಿನ ಕಾರು ತನ್ನ ಬೆಲೆಯ ದೊಡ್ಡ ಭಾಗವನ್ನು ಕೆಲವೇ ವರ್ಷಗಳಲ್ಲಿ ಮತ್ತೊಮ್ಮೆ ಕೇಳುತ್ತಿತ್ತು. ಮುಂಚೆ ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಚೂಪು.

ಇನ್ನು ರಸ್ತೆಗೆಂದು ತೆಗೆದಿಟ್ಟ ಹಣದ ಕಥೆ. 1926ರಲ್ಲಿ ಖಜಾನೆ ಸಚಿವರಾಗಿದ್ದ ವಿನ್‌ಸ್ಟನ್ ಚರ್ಚಿಲ್ ರಸ್ತೆ ನಿಧಿಗೆ ಕೈಹಾಕಿ ಬೇರೆ ಖರ್ಚಿಗೆ ತೆಗೆದರು. 1937ರಿಂದ ವಾಹನ ತೆರಿಗೆ ನೇರವಾಗಿ ಸಾಮಾನ್ಯ ಖಜಾನೆಗೇ ಹೋಗತೊಡಗಿತು. ಒಂದು ಕೆಲಸಕ್ಕೆಂದು ಮೀಸಲಿಟ್ಟ ಹಣ ಇನ್ನೊಂದಕ್ಕೆ ಕರಗುವುದು ನಮ್ಮ ಮನೆಗಳಲ್ಲೂ ಹೊಸದೇನಲ್ಲ. ಕಾರಿನ ವಿಮೆಗೆಂದು ತೆಗೆದಿಟ್ಟದ್ದು ಊರಿನ ಗೃಹಪ್ರವೇಶಕ್ಕೋ ಹಬ್ಬಕ್ಕೋ ಹೋಗುತ್ತದೆ, ಮುಲ್ಕಿಯಾದ ತಿಂಗಳು ಬಂದಾಗ ಕ್ರೆಡಿಟ್ ಕಾರ್ಡು ಹೊರಬರುತ್ತದೆ.

ವಿಮೆ, ಕಂತು, ತಪಾಸಣೆ

1930ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 7 ಸಾವಿರಕ್ಕೂ ಹೆಚ್ಚು. ಹೊಡೆದವನಲ್ಲಿ ಹಣವಿಲ್ಲದಿದ್ದರೆ ಸತ್ತವನ ಮನೆಯವರಿಗೆ ಪರಿಹಾರವಿಲ್ಲ. ಈ ಅನ್ಯಾಯಕ್ಕೆ ಉತ್ತರವಾಗಿ 1930ರ ರಸ್ತೆ ಸಂಚಾರ ಕಾಯಿದೆ ಮೂರನೆಯವರ ವಿಮೆಯನ್ನು ಕಡ್ಡಾಯ ಮಾಡಿತು. ಆಮೇಲೆ ಭಾರತದಲ್ಲೂ 1939ರ ಮೋಟಾರು ವಾಹನ ಕಾಯಿದೆಯಲ್ಲಿ ಅದೇ ಏರ್ಪಾಡು ಸೇರಿ, 1946ರ ಜುಲೈ 1ರಿಂದ ಜಾರಿಗೆ ಬಂತು. ನಾವು ಗೊಣಗುತ್ತ ಕಟ್ಟುವ ಖರ್ಚುಗಳಲ್ಲಿ ಇದು ಮುಖ್ಯವಾದದ್ದು. ಆದರೆ ಇದು ಕಾರಿಗಾಗಿ ಹುಟ್ಟಿದ್ದಲ್ಲ, ರಸ್ತೆಯಲ್ಲಿ ನಡೆದು ಹೋಗುವ ನಮ್ಮಂಥವರಿಗಾಗಿ ಹುಟ್ಟಿದ್ದು. ಓಡಿಸುವವರಿಗೆ ಪರೀಕ್ಷೆ ಕಡ್ಡಾಯವಾದದ್ದು 1935ರ ಜೂನ್ 1ರಿಂದ, ಶುಲ್ಕ ಏಳೂವರೆ ಶಿಲ್ಲಿಂಗ್. ಐದಾರು ಸಲ ಪರೀಕ್ಷೆ ಕೊಟ್ಟು ಸಾವಿರಾರು ದಿರ್ಹಮ್ ಕಳೆದುಕೊಂಡ ನಮ್ಮ ಸದಸ್ಯರು ಈ ಅಂಕಿ ನೋಡಿ ನಗಬಹುದು.

ಕಂತಿನ ಕಾರು ಕೂಡ ಆ ಕಾಲದ್ದೇ. ಮುಂಗಡ ಕೊಟ್ಟು ತಿಂಗಳು ತಿಂಗಳು ಕಟ್ಟುವ ಪದ್ಧತಿಯಲ್ಲಿ ಕೊನೆಯ ಕಂತಿನವರೆಗೆ ಮಾಲು ಸಾಲ ಕೊಟ್ಟವನದು. ಒಂದೆರಡು ಕಂತು ತಪ್ಪಿದರೆ ಅಷ್ಟೂ ಕಟ್ಟಿದ ಹಣದ ಸಮೇತ ಮಾಲು ಹೋಗುತ್ತಿತ್ತು. ಸಂಸದೆ ಎಲೆನ್ ವಿಲ್ಕಿನ್ಸನ್ ಅವರ ಪ್ರಯತ್ನದಿಂದ 1938ರಲ್ಲಿ ಒಂದು ಕಾನೂನು ಬಂತು. ಮೂರರಲ್ಲೊಂದು ಭಾಗ ಕಟ್ಟಿದ ಮೇಲೆ ನ್ಯಾಯಾಲಯದ ಆದೇಶವಿಲ್ಲದೆ ಮಾಲನ್ನು ಕಿತ್ತುಕೊಳ್ಳುವಂತಿಲ್ಲ ಎಂದಿತು. ಆದರೆ ಮೋಟಾರು ವಾಹನಕ್ಕೆ 50 ಪೌಂಡ್ ಮಿತಿ ಇದ್ದುದರಿಂದ ನೂರು ಪೌಂಡಿನ ಹೊಸ ಕಾರಿಗೆ ಆ ರಕ್ಷಣೆ ಸಿಗಲಿಲ್ಲ.

ಯುದ್ಧ ಮುಗಿದು 1950ರ ದಶಕ ಬಂದಾಗ ಬೀದಿಗಳಲ್ಲಿ ಹಳೆಯ ಕಾರುಗಳು ತುಂಬಿದವು. ಬ್ರೇಕ್ ಇಲ್ಲದವು, ದೀಪ ಇಲ್ಲದವು. 1960ರಲ್ಲಿ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್ ಹತ್ತು ವರ್ಷ ದಾಟಿದ ವಾಹನಗಳಿಗೆ ತಪಾಸಣೆ ತಂದರು. 1967ರ ಹೊತ್ತಿಗೆ ಅದು ಮೂರು ವರ್ಷಕ್ಕೆ ಇಳಿಯಿತು. ಇಂದಿಗೂ ಅಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿವರ್ಷ ಎಂಓಟಿ ತಪಾಸಣೆ ಆಗಬೇಕು. ಅದರ ಗರಿಷ್ಠ ಶುಲ್ಕ 54 ಪೌಂಡ್ 85 ಪೆನ್ಸ್. ಆದರೆ ಲೆಕ್ಕ ಹಾಕುವವರು ಶುಲ್ಕವನ್ನಲ್ಲ, ತಪಾಸಣೆಯಲ್ಲಿ ಫೇಲಾದರೆ ಮಾಡಿಸಬೇಕಾದ ರಿಪೇರಿಯನ್ನು ಬರೆದಿಟ್ಟುಕೊಳ್ಳಬೇಕು.

1973: ಅಲ್ಲಿಯ ಬರ, ಇಲ್ಲಿಯ ಮಳೆ

ಈ ಇತಿಹಾಸದಲ್ಲಿ ನಾವು ಬರುವ ಜಾಗ ಇದು. ಸೂಯೆಜ್ ಬಿಕ್ಕಟ್ಟಿನಲ್ಲಿ 1956ರ ಡಿಸೆಂಬರಿನಿಂದ ಮರುವರ್ಷ ಮೇ ತನಕ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಇತ್ತು. ಅದು ತಾತ್ಕಾಲಿಕ. 1973ರ ಅಕ್ಟೋಬರಿನ ಯುದ್ಧದ ನಂತರ ಅರಬ್ ರಾಷ್ಟ್ರಗಳು ತೈಲ ತಡೆಹಿಡಿದಾಗ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಿನ ಹತ್ತಿರ ಏರಿತು. ಬ್ರಿಟನ್ನಿನಲ್ಲಿ ರೇಷನ್ ಕೂಪನ್ ಹಂಚಿದರು, ಬಳಸುವ ಸಂದರ್ಭ ಬರಲಿಲ್ಲ. ಗಂಟೆಗೆ 50 ಮೈಲಿ ದಾಟಬೇಡಿ ಎಂದರು. ಡಾಗೆನ್‌ಹ್ಯಾಮ್‌ನಲ್ಲಿ ಆಗ ಭಾರತ, ಪಾಕಿಸ್ತಾನ, ಕೆರಿಬಿಯನ್ ದ್ವೀಪಗಳಿಂದ ಬಂದವರು ಅನೇಕರು ಕಾರು ಜೋಡಿಸುತ್ತಿದ್ದರು. ತಾವು ಜೋಡಿಸಿದ ಕಾರಿಗೆ ಪೆಟ್ರೋಲ್ ಹಾಕಿಸುವಾಗ ಅವರೂ ಎರಡು ಸಲ ಯೋಚಿಸಬೇಕಾಯಿತು.

ಇಲ್ಫರ್ಡಿನ ಗೃಹಿಣಿ ಹೆಚ್ಚಾಗಿ ಕೊಟ್ಟ ಆ ಪೆನ್ನಿಗಳ ಇನ್ನೊಂದು ತುದಿ ಗಲ್ಫ್‌ನಲ್ಲಿತ್ತು. ತೈಲದ ಹಣ ಇಲ್ಲಿ ರಸ್ತೆಯಾಯಿತು, ಬಂದರಾಯಿತು, ಆಸ್ಪತ್ರೆಯಾಯಿತು. ಅವನ್ನು ಕಟ್ಟಲು, ನಡೆಸಲು ಜನ ಬೇಕಾದರು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಹುಡುಗರು ಮುಂಬೈಗೆ ಬಂದು ವೀಸಾ ಕಾದು ವಿಮಾನ ಹತ್ತಿದ್ದು ಆ ಕಾಲದಲ್ಲಿ. ಅಲ್ಲಿ ಒಂದು ಮನೆಯ ಬಜೆಟ್ ಮುರಿದ ಬೆಲೆಯೇ ಇಲ್ಲಿ ನಮ್ಮ ಹಿರಿಯರ ಸಂಬಳವಾಯಿತು. ಪೆಟ್ರೋಲ್ ಬೆಲೆ ಇಳಿದಾಗ ನಾವು ಪಂಪಿನಲ್ಲಿ ಖುಷಿಪಡುತ್ತೇವೆ, ಆದರೆ ಬಹಳ ಇಳಿದಾಗ ಕಂಪನಿಗಳಲ್ಲಿ ಪ್ರಾಜೆಕ್ಟ್ ನಿಲ್ಲುತ್ತದೆ. ಗಲ್ಫ್‌ನ ಕಾರು ಮಾಲೀಕನಿಗೆ ಈ ಎರಡು ಅಲಗಿನ ಕತ್ತಿ ಬೇರೆಲ್ಲರಿಗಿಂತ ಹತ್ತಿರ.

ಹನ್ನೆರಡೂವರೆ ಪೌಂಡಿನ ರಾತ್ರಿ

ಲಂಡನ್ನಿನಲ್ಲಿ ಇತ್ತೀಚಿನ ಖರ್ಚು ಹುಟ್ಟಿದ್ದು ಗಾಳಿಯಿಂದ. ಹೊಗೆ ಹೆಚ್ಚು ಬಿಡುವ ವಾಹನಗಳಿಗೆ ದಿನಕ್ಕೆ 12 ಪೌಂಡ್ 50 ಪೆನ್ಸ್ ಶುಲ್ಕ ವಿಧಿಸುವ ಯೂಲೆಜ್ ವಲಯ 2019ರ ಏಪ್ರಿಲ್ 8ರಂದು ನಗರದ ನಡುವೆ ಆರಂಭವಾಯಿತು. 2021ರ ಅಕ್ಟೋಬರಿನಲ್ಲಿ ಅದು ನಾರ್ತ್ ಸರ್ಕ್ಯುಲರ್ ರಸ್ತೆಯವರೆಗೆ ಹಬ್ಬಿತು. ಆ ರಸ್ತೆ ಇಲ್ಫರ್ಡಿನ ಪಶ್ಚಿಮ ಅಂಚಿನಲ್ಲೇ ಹೋಗುತ್ತದೆ. ರಸ್ತೆಯ ಆಚೆ ಶುಲ್ಕ, ಈಚೆ ಇಲ್ಲ. 2023ರ ಆಗಸ್ಟ್ 29ರಂದು ವಲಯ ಇಡೀ ಲಂಡನ್ ಮಹಾನಗರಕ್ಕೆ ವಿಸ್ತರಿಸಿದಾಗ ಇಲ್ಫರ್ಡ್ ಪೂರ್ತಿ ಒಳಗೆ ಬಂತು.

ಸಾಮಾನ್ಯವಾಗಿ 2006ರಿಂದ ಈಚಿನ ಪೆಟ್ರೋಲ್ ಕಾರುಗಳಿಗೂ 2015ರ ಸೆಪ್ಟೆಂಬರ್ ನಂತರದ ಡೀಸೆಲ್ ಕಾರುಗಳಿಗೂ ಈ ಶುಲ್ಕವಿಲ್ಲ. ಪೆಟ್ಟು ಬಿದ್ದದ್ದು ಹಳೆಯ ಡೀಸೆಲ್ ಇಟ್ಟುಕೊಂಡವರಿಗೆ. ದಿನ ಎಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿ. ಗುಡ್‌ಮೇಸ್‌ನ ಕಿಂಗ್ ಜಾರ್ಜ್ ಆಸ್ಪತ್ರೆಯಂಥ ಕಡೆ ರಾತ್ರಿ ಪಾಳಿಗೆ ಸಂಜೆ ಹೋಗಿ ಬೆಳಿಗ್ಗೆ ಮರಳುವ ನರ್ಸ್ ಅಂಥ ಕಾರಿನಲ್ಲಿ ಬಂದರೆ ಒಂದು ಪಾಳಿಗೆ ಎರಡು ದಿನದ ಶುಲ್ಕ, 25 ಪೌಂಡ್. ತಿಂಗಳಿಗೆ 22 ದಿನ ಹಗಲು ಓಡಿಸುವವರಿಗೂ 275 ಪೌಂಡ್. ಹಳೆಯ ಕಾರು ಗುಜರಿಗೆ ಹಾಕಿದರೆ 2,000 ಪೌಂಡಿನವರೆಗೆ ಕೊಡುವ ಯೋಜನೆ ಇತ್ತು, ಈಗ ಮುಗಿದಿದೆ. ಮಕ್ಕಳ ಎದೆಗೆ ಒಳ್ಳೆಯ ಗಾಳಿ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಡವನ ಕಾರೇ ಹಳೆಯದಾಗಿರುತ್ತದೆ ಎಂಬುದೂ ಅಷ್ಟೇ ನಿಜ. ಈ ಎರಡು ನ್ಯಾಯಗಳ ನಡುವೆ ಆ ಊರು ಇನ್ನೂ ಜಗ್ಗಾಡುತ್ತಿದೆ.

ಇನ್ನೊಂದು ಸೂಕ್ಷ್ಮವಿದೆ. ಓಡಿಸದ ಕಾರನ್ನು ರಸ್ತೆಯಿಂದ ಹೊರಗಿಟ್ಟಿದ್ದೇನೆ ಎಂದು ಘೋಷಿಸಿದರೆ ತೆರಿಗೆ, ವಿಮೆ ಬೇಡ ಎಂಬ ಏರ್ಪಾಡು ಅಲ್ಲಿ 1998ರಿಂದ ಇದೆ. ಆದರೆ ಕಾರು ಖಾಸಗಿ ಜಾಗದಲ್ಲಿರಬೇಕು, ಬೀದಿಯಲ್ಲಿ ಇರುವಂತಿಲ್ಲ. ಕಾರ್ಬೆಟ್ ಕಾಲದ ಸಾಲುಮನೆಯವನಿಗೆ ಆ ಜಾಗವೇ ಇಲ್ಲ. 1900ರಲ್ಲಿ ಬಿಡದ ಹತ್ತಡಿ ನೆಲ ಇಂದೂ ಹಣ ಕೇಳುತ್ತಿದೆ.

ನಮ್ಮ ಪುಸ್ತಕಕ್ಕೆ ಏನು ಬರೆಯಬೇಕು

ಇಲ್ಫರ್ಡಿನಲ್ಲಿ ನೂರು ವರ್ಷ ಹಿಡಿದದ್ದು ಇಲ್ಲಿ ನಮ್ಮ ಕಣ್ಣಮುಂದೆಯೇ ನಡೆದಿದೆ. ದುಬೈನಲ್ಲಿ ಸಾಲಿಕ್ ಗೇಟು ಬಂದದ್ದು 2007ರ ಜುಲೈ 1ರಂದು, ನಾಲ್ಕು ದಿರ್ಹಮ್. 2025ರ ಜನವರಿ ಕೊನೆಯಿಂದ ದಟ್ಟಣೆಯ ವೇಳೆಗೆ ಆರು. ಎಮಿರೇಟ್ಸ್‌ನಲ್ಲಿ ಪೆಟ್ರೋಲ್ ಬೆಲೆ ತಿಂಗಳು ತಿಂಗಳು ಬದಲಾಗುವುದು 2015ರ ಆಗಸ್ಟಿನಿಂದ. ವ್ಯಾಟ್ 2018ರಲ್ಲಿ ಬಂತು. ಗಲ್ಫ್‌ನಲ್ಲಿ ಕಾರು ಅಗ್ಗ ಎಂಬ ಮಾತು ನಮ್ಮ ಹಿರಿಯರ ಕಾಲದ್ದು.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಅಂಕಿಗಳನ್ನು ನಿಮ್ಮ ನಿಮ್ಮ ಕಾರಿಗೆ ತಕ್ಕಂತೆ ಬದಲಿಸಿಕೊಳ್ಳಿ. 40,000 ದಿರ್ಹಮ್‌ಗೆ ಕೊಂಡ ಕಾರನ್ನು ಐದು ವರ್ಷ ಓಡಿಸಿ 16,000ಕ್ಕೆ ಮಾರಿದರೆ ಕಳೆದದ್ದು 24,000. 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 400. ಇದು ಯಾವ ರಸೀದಿಯಲ್ಲೂ ಕಾಣದ ಖರ್ಚು. ವಿಮೆ 1,800, ನವೀಕರಣ ಮತ್ತು ತಪಾಸಣೆ 600, ಸರ್ವಿಸ್ ಮತ್ತು ಟೈರು 2,400 ಎಂದು ಹಿಡಿದರೆ ವರ್ಷಕ್ಕೆ 4,800, ತಿಂಗಳಿಗೆ ಮತ್ತೆ 400. ದಿನಕ್ಕೆ ಹೋಗಿಬರುವಾಗ ಒಂದೊಂದು ಗೇಟು, ದಟ್ಟಣೆಯ ವೇಳೆ, 22 ದಿನ: 264. ಪೆಟ್ರೋಲ್ 400. ಒಟ್ಟು 1,464. ಬ್ಯಾಂಕಿನ ಬಡ್ಡಿ, ಪಾರ್ಕಿಂಗ್, ದಂಡ ಇನ್ನೂ ಸೇರಿಲ್ಲ. ಕಾರು ಕೊಳ್ಳುವ ಮೊದಲು ಮೂರು ತಿಂಗಳು ಈ ಮೊತ್ತವನ್ನು ಬೇರೆ ಖಾತೆಗೆ ಹಾಕಿ ನೋಡಿ. ಊರಿಗೆ ಕಳಿಸುವ ಹಣ ಕಡಿಮೆಯಾಗದೆ ಅದು ಸಾಧ್ಯವಾದರೆ ಕಾರು ನಿಮ್ಮದು.

ಕೆಲಸದ ಮೇಲೆ ನಿಂತ ವೀಸಾ ನಮ್ಮದು, ಹಾಗಾಗಿ ಇಲ್ಫರ್ಡಿನವರಿಗಿಲ್ಲದ ಒಂದು ಕಾಲಂ ನಮ್ಮ ಪುಸ್ತಕದಲ್ಲಿರಬೇಕು. 2008ರ ಆರ್ಥಿಕ ಕುಸಿತದ ನಂತರ ದುಬೈ ವಿಮಾನ ನಿಲ್ದಾಣದಲ್ಲಿ ಬಿಟ್ಟುಹೋದ ಕಾರುಗಳು ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾದವು. ಕೆಲಸ ಹೋದಾಗ ಕಾರು ಅವಸರದಲ್ಲಿ ಮಾರಬೇಕು, ಅವಸರದ ಬೆಲೆ ಸಾಲಕ್ಕಿಂತ ಕಡಿಮೆಯಾದರೆ ಉಳಿದದ್ದನ್ನು ಕೈಯಿಂದ ಕಟ್ಟಬೇಕು. ಆದ್ದರಿಂದ ಇವತ್ತೇ ಮಾರಿದರೆ ಸಾಲ ತೀರುತ್ತದೆಯೇ ಎಂಬ ಪ್ರಶ್ನೆಗೆ ಯಾವಾಗಲೂ ಉತ್ತರ ಗೊತ್ತಿರಲಿ.

ಊರಿನ ಶೆಡ್ಡಿನಲ್ಲಿ ಮಲಗಿರುವ ಕಾರಿಗೂ ಒಂದು ಸಾಲು ಇರಲಿ. ಕರ್ನಾಟಕದಲ್ಲಿ ಹೊಸ ಕಾರಿಗೆ ಜೀವಾವಧಿ ತೆರಿಗೆಯನ್ನು ಮೊದಲೇ ಕಟ್ಟುತ್ತೇವೆ. ವರ್ಷದಲ್ಲಿ ಒಂದು ತಿಂಗಳ ರಜೆಗೆ ಓಡುವ ಕಾರಿಗೆ ಆ ತೆರಿಗೆ, ವಿಮೆ, ಸತ್ತ ಬ್ಯಾಟರಿ ಎಲ್ಲ ಕೂಡಿಸಿ ಮೂವತ್ತು ದಿನಕ್ಕೆ ಭಾಗಿಸಿದರೆ ಬಾಡಿಗೆ ಟ್ಯಾಕ್ಸಿ ಅಗ್ಗ ಅನಿಸಬಹುದು.

ಇಂಗ್ಲೆಂಡಿಗೆ ಹೊರಟವರಿಗೆ ಎರಡು ಮಾತು. ಎಮಿರೇಟ್ಸ್ ಲೈಸೆನ್ಸನ್ನು ಷರತ್ತುಗಳಿಗೆ ಒಳಪಟ್ಟು ಬ್ರಿಟಿಷ್ ಲೈಸೆನ್ಸಿಗೆ ಬದಲಿಸಿಕೊಳ್ಳುವ ಅವಕಾಶ 2021ರಿಂದ ಇದೆ. ಭಾರತದ ಲೈಸೆನ್ಸಿಗೆ ಅದಿಲ್ಲ, ಒಂದು ವರ್ಷ ಓಡಿಸಿ ಆಮೇಲೆ ಪರೀಕ್ಷೆ ಕೊಡಬೇಕು. ವಿಮೆಯ ಕಂತು ಮನೆಯ ಅಂಚೆ ಸಂಖ್ಯೆ ನೋಡಿ ಏರುತ್ತದೆ, ಇಳಿಯುತ್ತದೆ, ಆದ್ದರಿಂದ ಮನೆ ಗೊತ್ತುಮಾಡುವ ಮೊದಲೇ ವಿಮೆ ವಿಚಾರಿಸಿ. 2017ರ ಏಪ್ರಿಲ್ ನಂತರದ ಹೆಚ್ಚಿನ ಕಾರುಗಳಿಗೆ 2025ರ ಏಪ್ರಿಲಿನಿಂದ ವರ್ಷದ ತೆರಿಗೆ 195 ಪೌಂಡ್ ಆಯಿತು. ಎಲೆಕ್ಟ್ರಿಕ್ ಕಾರುಗಳೂ ಆ ತಿಂಗಳಿಂದ ತೆರಿಗೆಯ ಸಾಲಿಗೆ ಸೇರಿದವು.

ಇಲ್ಫರ್ಡನ್ನು ಬೆಳೆಸಿದ್ದು ರೈಲು. 2022ರ ನವೆಂಬರಿನಿಂದ ಎಲಿಜಬೆತ್ ಲೈನ್ ಅಲ್ಲಿಂದ ನೇರವಾಗಿ ಲಂಡನ್ನಿನ ಒಡಲಿಗೆ ಓಡುತ್ತಿದೆ. ನಮ್ಮಲ್ಲೂ ದುಬೈ, ದೋಹಾ, ರಿಯಾದ್‌ಗೆ ಮೆಟ್ರೋ ಬಂದಿದೆ. ಕಾರು ಬೇಡವೆಂದು ನಾವು ಹೇಳುತ್ತಿಲ್ಲ. ರಾತ್ರಿ ಪಾಳಿಯವನಿಗೆ, ಚಿಕ್ಕ ಮಕ್ಕಳಿರುವ ಮನೆಗೆ, ನಿಲ್ದಾಣದಿಂದ ದೂರದ ಲೇಬರ್ ಕ್ಯಾಂಪಿನ ಹತ್ತಿರ ಕೆಲಸವಿರುವವನಿಗೆ ಅದು ಅಗತ್ಯ. ಆದರೆ ಕಾರಿನ ಲೆಕ್ಕ ಬರೆಯುವ ಹಾಳೆಯ ಪಕ್ಕದಲ್ಲೇ ರೈಲಿನ ಲೆಕ್ಕವನ್ನೂ ಬರೆಯಿರಿ. ಎರಡನ್ನೂ ಮನೆಯವರ ಮುಂದೆ ಇಟ್ಟು, ಎಲ್ಲರೂ ಕೂತು ತೀರ್ಮಾನಿಸಿ. ಹಾಸಿಗೆ ಎಷ್ಟು ಉದ್ದವಿದೆ ಎಂದು ಅಳೆಯುವ ಕೆಲಸ ಒಬ್ಬರದಲ್ಲ.